ತೋಟದ ಕೆಫೆಗೆ ಸೋಮವಾರ ರಜೆ

ಮೇ 9, ಶುಕ್ರವಾರ. ಅಕಲ್ಲಾ, ಸ್ಟಾಕ್‌ಹೋಮ್

ಮರಿಯಮ್ ಬೆಳಿಗ್ಗೆ ಅರ್ಧ ರಸ್ಕ್ ತಿಂದಳು. ಹೊಟ್ಟೆಯಲ್ಲಿ ನಿಲ್ಲಲಿಲ್ಲ. ತಿಳಿಸಿದವರು ಅಳಿಯ ತಾರಿಕ್. ಬಚ್ಚಲುಮನೆಯ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡದ್ದಂತೆ, ಒಳಗೆ ಹೋಗಿಲ್ಲ.

ನಾನು ಬಂದು ಎರಡು ದಿನವಾಯಿತು. ಮಗಳಿಗೆ ಈಗ ಮೂರನೇ ತಿಂಗಳು. ಬಸುರಿಗೆ ವಾಂತಿ ಸಹಜ ಎಂದು ದಾವಣಗೆರೆಯಲ್ಲಿ ಎಲ್ಲರೂ ಹೇಳಿ ಕಳಿಸಿದರು. ಇದು ಆ ವಾಂತಿ ಅಲ್ಲ. ನೀರು ಕೂಡ ನಿಲ್ಲುವುದಿಲ್ಲ. ಕಳೆದ ತಿಂಗಳು ಆಸ್ಪತ್ರೆಯಲ್ಲಿ ಮಲಗಿಸಿ ಡ್ರಿಪ್ ಹಾಕಿದ್ದರು. ಈಗ ಪ್ರತಿ ಮಂಗಳವಾರ ತೂಕ ನೋಡುತ್ತಾರೆ. ಹೀಗೇ ಇಳಿಯುತ್ತಾ ಹೋದರೆ ಮತ್ತೆ ದಾಖಲು ಮಾಡಿ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಬೇಕಾಗುತ್ತದೆ. ಹೀಗೆ ಹೇಳಿದವರು ಕರೀನ್ ಎಂಬ ನರ್ಸ್. ಇಲ್ಲಿ ಬಸುರಿಯರನ್ನು ಡಾಕ್ಟರಿಗಿಂತ ಹೆಚ್ಚಾಗಿ ನೋಡಿಕೊಳ್ಳುವುದು ಹೆರಿಗೆ ನರ್ಸುಗಳೇ. ನಳಿಕೆ ಎಂದರೆ ಮರಿಯಮ್‌ಗೆ ಪ್ರಾಣಭಯ. ಅದೊಂದು ಬೇಡ ಎನ್ನುತ್ತಾಳೆ.

ಇಂಥ ಹೊತ್ತಿಗೆ ತಾಯಿ ಬರಬೇಕು. ಫಕ್ರುನ್ನೀಸಾ ತೀರಿಕೊಂಡು ಆರು ವರ್ಷವಾಯಿತು. ಆದ್ದರಿಂದ ನಿವೃತ್ತ ಜಿಲ್ಲಾ ವರದಿಗಾರ ಬಂದಿದ್ದಾನೆ. ನನಗೆ ಬರುವುದು ಅನ್ನ ಮತ್ತು ತಿಳಿಸಾರು. ಅದನ್ನೂ ಮಾಡುವ ಹಾಗಿಲ್ಲ. ಒಗ್ಗರಣೆ ಇರಲಿ, ಅನ್ನ ಕುದಿಯುವ ವಾಸನೆಗೂ ಅವಳಿಗೆ ಹೊಟ್ಟೆ ತೊಳೆಸುತ್ತದೆ. ಈ ಮನೆಯಲ್ಲಿ ಒಲೆ ಹಚ್ಚಿ ಮೂರು ವಾರವಾಗಿದೆ.

ಬಸುರಿಗೆ ಬಯಕೆ ಹುಟ್ಟುತ್ತದೆ, ಅದನ್ನು ತೀರಿಸುವುದು ತವರಿನವರ ಕೆಲಸ. ಏನು ಬೇಕಮ್ಮಾ ಎಂದು ಕೇಳಿದೆ. ಆ ಪ್ರಶ್ನೆಯೊಂದು ಬೇಡ ಎಂದಳು.

ಹೀಗಾಗಿ ಅಳಿಯಂದಿರು ಮತ್ತು ನಾನು ಊಟಕ್ಕೆ ಹೊರಗೆ ಹೋಗುತ್ತೇವೆ. ಇಂದು ಮಧ್ಯಾಹ್ನ ಕಿಸ್ಟಾದಲ್ಲಿ ಅವರ ಆಫೀಸಿನ ಬಳಿಯ ಹೋಟೆಲು. ಸಾಲ್ಮನ್ ಮೀನು, ಬೇಯಿಸಿದ ಆಲೂಗಡ್ಡೆ, ಮೇಲೆ ಬಿಳಿ ಗೊಜ್ಜು. ಅದರಲ್ಲಿ ಹಾಕಿದ್ದು ನಮ್ಮ ಸಬ್ಬಸಿಗೆ ಸೊಪ್ಪು, ಖಚಿತ. ತಾರಿಕ್ ಒಂದು ಕಪ್ ಕಾಫಿ ಕುಡಿದು ಎದ್ದು, ಯಾರನ್ನೂ ಕೇಳದೆ ಇನ್ನೊಂದು ಕಪ್ ತುಂಬಿಕೊಂಡರು. ನಾನು ಅವರ ತೋಳು ಹಿಡಿದೆ. ಎರಡನೆಯ ಕಪ್ಪಿಗೆ ಇಲ್ಲಿ ದುಡ್ಡಿಲ್ಲವಂತೆ. ಬ್ರೆಡ್ಡು, ಬೆಣ್ಣೆ, ಸೊಪ್ಪಿನ ಕೋಸಂಬರಿ ಎಲ್ಲ ಊಟದ ದರದಲ್ಲೇ ಸೇರಿದೆ. ಉಂಡ ತಟ್ಟೆಯನ್ನು ನಾವೇ ಒಯ್ದು ಇಡಬೇಕು. ನಾನು ಮೇಜು ಒರೆಸುವವರಿಗಾಗಿ ಕಾಯುತ್ತ ಕುಳಿತಿದ್ದೆ.

ಊಟವಿಡೀ ತಾರಿಕ್ ಫೋನು ನೋಡುತ್ತಿದ್ದರು. ಮಾತು ಕಡಿಮೆ. ನನಗೆ ಹಸಿವಿರಲಿಲ್ಲ, ಅರ್ಧ ಬಿಟ್ಟೆ. ಊರಿನಲ್ಲೂ ಅಷ್ಟೆ, ಅಡುಗೆಮನೆಯಲ್ಲಿ ನಿಂತುಕೊಂಡೇ ಎರಡು ತುತ್ತು.

ಮೇ 10, ಶನಿವಾರ

ಮರಿಯಮ್ ನನಗೆ ಕೆಲಸ ಕೊಟ್ಟಿದ್ದಾಳೆ.

ನಿನ್ನೆ ಸಂಜೆ ಕತ್ತಲೆ ಕೋಣೆಯಲ್ಲಿ ಮಲಗಿದ್ದವಳು ಏನು ತಿಂದಿರಿ ಎಂದು ಕೇಳಿದಳು. ಹೇಳಬೇಕೋ ಬೇಡವೋ ಗೊತ್ತಾಗಲಿಲ್ಲ. ಕೋಣೆಯ ಹೊರಗೆ ಓಡಾಟದ ಜಾಗದಲ್ಲಿ ಸ್ಟೂಲು ಹಾಕಿಕೊಂಡು, ಬಾಗಿಲು ನಾಲ್ಕು ಬೆರಳಷ್ಟು ತೆರೆದು, ಮೀನು, ಸಬ್ಬಸಿಗೆ, ಕಾಫಿಯ ಪ್ರಕರಣ ಎಲ್ಲವನ್ನೂ ಹೇಳಿದೆ. ಅವಳಿಗೆ ಏನೂ ಆಗಲಿಲ್ಲ. ವಾಸನೆ ಆಗುವುದಿಲ್ಲ, ಮಾತು ಆಗುತ್ತದೆ. ಇದು ಹೊಸ ಸಂಗತಿ.

ನಾನು ಸ್ಟಾಕ್‌ಹೋಮ್‌ಗೆ ಬಂದಾಗ ಎಲ್ಲೆಲ್ಲಿ ಕರೆದೊಯ್ದು ಏನೇನು ತಿನ್ನಿಸಬೇಕೆಂದು ಅವಳು ವರ್ಷಗಳಿಂದ ಯೋಚಿಸಿಟ್ಟಿದ್ದಳಂತೆ. ಈಗ ಅವಳೇ ಏಳುವ ಹಾಗಿಲ್ಲ.

"ಅಬ್ಬಾ, ನಾನು ಡೆಸ್ಕು, ನೀವು ರಿಪೋರ್ಟರು. ದಿನಾ ಎಲ್ಲಿಗೆ ಅಂತ ನಾನು ಹೇಳ್ತೀನಿ. ಹೋಗಿ, ತಿಂದು, ಬಂದು ಓದಿ. ಇಂಟರ್‌ನೆಟ್ ನೋಡಿ ಬರೀಬಾರದು."

ನನಗೆ ಇದನ್ನು ಹೇಳಬೇಕಾಗಿಯೇ ಇರಲಿಲ್ಲ.

ಇವರಿಬ್ಬರ ಮನೆಮಾತು ಉರ್ದು. ತಾರಿಕ್ ಬೆಂಗಳೂರಿನ ಫ್ರೇಜರ್ ಟೌನಿನವರು. ಮರಿಯಮ್ ಮಾತ್ರ ನನ್ನ ಜೊತೆ ಚಿಕ್ಕಂದಿನಿಂದ ಕನ್ನಡ. ಪತ್ರಿಕೆ ಓದಿಸಿ ಅಕ್ಷರ ಕಲಿಸಿದವನು ನಾನು.

ಮೊದಲ ವರದಿ: ದಕ್ಷಿಣದ ದ್ವೀಪ ಸೋಡರ್‌ಮಾಲ್ಮ್‌ನ ಒಂದು ಬೇಕರಿ. ಏಲಕ್ಕಿ ಹಾಕಿದ ಬನ್ನು. ಹಿಟ್ಟನ್ನು ಗಂಟು ಹಾಕಿದಂತೆ ಹೆಣೆದಿರುತ್ತಾರೆ. ಏಲಕ್ಕಿಯನ್ನು ನುಣ್ಣಗೆ ಪುಡಿ ಮಾಡುವುದಿಲ್ಲ, ತರಿ ಹಲ್ಲಿಗೆ ಸಿಗುತ್ತದೆ. ಏಲಕ್ಕಿ ಎಲ್ಲಿಯದು ಎಂದು ವಿಚಾರಿಸಿದೆ. ಹುಡುಗಿ ಒಳಗೆ ಹೋಗಿ ಕೇಳಿಕೊಂಡು ಬಂದಳು, ಗ್ವಾಟೆಮಾಲಾ. ನಮ್ಮ ಸಕಲೇಶಪುರದ್ದು ಎಂದು ಬರೆಯಲು ಮನಸ್ಸಿತ್ತು, ಬರೆಯಲಿಲ್ಲ.

ಬನ್ನು ತಿಂದು ಕಾಫಿ ಕುಡಿಯುತ್ತ ಸುಮ್ಮನೆ ಕೂರುವುದಕ್ಕೆ ಇಲ್ಲಿ ಫೀಕಾ ಎನ್ನುತ್ತಾರೆ. ಆಫೀಸಿನಲ್ಲೂ ಇದಕ್ಕೆ ಎದ್ದು ಹೋಗದಿದ್ದರೆ ಜನ ತಪ್ಪು ತಿಳಿಯುತ್ತಾರಂತೆ. ನಾವಿಬ್ಬರೂ ಕುಳಿತೆವು. ಕೂರುವುದು ನಡೆಯಿತು, ಮಾತು ನಡೆಯಲಿಲ್ಲ.

ಮೇ 13, ಮಂಗಳವಾರ

ತೂಕ ಇಳಿದಿದೆ. ಕರೀನ್ ತಿಳಿಸಿದರು. ವರದಿ ಇಲ್ಲ.

ಮೇ 16, ಶುಕ್ರವಾರ

ಹೋತೋರ್ಯೆತ್ ಚೌಕದ ನೆಲದಡಿಯಲ್ಲಿ ಒಂದು ಮಾರುಕಟ್ಟೆ ಇದೆ. ಮೆಟ್ಟಿಲಿಳಿದರೆ ಮಾಂಸ, ಚೀಸು, ಆಲಿವ್ ಕಾಯಿ, ಟರ್ಕಿಯವರ ಅಂಗಡಿಗಳು. ಜುಮ್ಮಾ ನಮಾಜು ಮುಗಿಸಿ ಅಲ್ಲಿಗೆ ಹೋದೆವು. ಮರಿಯಮ್ ಹೇಳಿದ್ದು ಮೀನಿನ ಸೂಪು, ಆದರೆ ವೈನ್ ಹಾಕುತ್ತಾರಾ ಎಂದು ಮೊದಲು ಕೇಳಿ ಎಂದಿದ್ದಳು. ಕೇಳಿದೆ. ಹಾಕುತ್ತೇವೆ ಎಂದು ಅಂಗಡಿಯ ಹೆಂಗಸು ನೇರವಾಗಿ ಹೇಳಿ, ವೈನ್ ಇಲ್ಲದ ಇನ್ನೊಂದು ಅಂಗಡಿಯನ್ನು ತೋರಿಸಿದಳು. ಗಿರಾಕಿಯನ್ನು ಪಕ್ಕದ ಅಂಗಡಿಗೆ ಕಳಿಸುವ ವ್ಯಾಪಾರ ನಾನು ಹೆಚ್ಚು ಕಂಡಿಲ್ಲ.

ಸಂಜೆ ಓದುವಾಗ ಮರಿಯಮ್ ನಡುವೆ ತಡೆದಳು. "ಅಬ್ಬಾ, ಲೀಡ್ ಎಲ್ಲಿ? ಮೆಟ್ಟಿಲು, ಚೀಸು, ಚೌಕ ಎಲ್ಲ ಆಮೇಲೆ. ಸೂಪ್ ಸಿಕ್ತೋ ಇಲ್ವೋ ಅದನ್ನ ಮೊದಲು ಹೇಳಿ."

ತಪ್ಪು ನನ್ನದೇ. ಸೂಪು ಸಿಕ್ಕಿತು. ಎರಡನೆಯ ಸಲ ಹಾಕಿಸಿಕೊಂಡೆ.

ಮೇ 18, ಭಾನುವಾರ

ಮೀನಿನಿಂದ ಅನಾಹುತ.

ಸ್ಲುಸೆನ್ ಬಳಿ ಗಾಡಿಯಲ್ಲಿ ಹೆರಿಂಗ್ ಮೀನು ಕರಿದು ಮಾರುತ್ತಾರೆ. ಗಟ್ಟಿ ರೊಟ್ಟಿಯ ಮೇಲೆ ಮೀನು, ಈರುಳ್ಳಿ, ಮತ್ತೆ ಸಬ್ಬಸಿಗೆ. ಎದುರಿಗೆ ನೀರು, ಅದರಾಚೆ ಹಳೆಯ ಊರಿನ ಗೋಪುರಗಳು. ತಾರಿಕ್ ಎರಡು ತಿಂದರು, ನಾನೂ ಎರಡು. ಕೈಗೆ ಎಣ್ಣೆ, ಕೋಟಿಗೆ ಹೊಗೆ. ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ ತಿನ್ನುವ ಊರಿನವನಿಗೆ ಗಾಡಿಯ ಮುಂದೆ ನಿಂತು ತಿನ್ನುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಮನೆಯ ಬಾಗಿಲು ತೆಗೆದದ್ದೇ ತಡ, ಒಳಗಿನ ಕೋಣೆಯಿಂದ ಮರಿಯಮ್ ಎದ್ದು ಓಡಿದಳು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಇನ್ನು ಮೇಲೆ ಕೋಟುಗಳು ಬಾಲ್ಕನಿಯಲ್ಲಿ. ಹೊರಗಿನಿಂದ ಬಂದವರಿಗೆ ಮೊದಲು ಸ್ನಾನ, ಆಮೇಲೆ ಮಾತು. ತಾರಿಕ್ ಈಗಾಗಲೇ ಹಜಾರದ ಸೋಫಾದಲ್ಲಿ ಮಲಗುತ್ತಿದ್ದಾರೆ. ಅವರ ಶಾಂಪೂ ವಾಸನೆ ಅವಳಿಗೆ ಆಗುತ್ತಿಲ್ಲವಂತೆ. ಶಾಂಪೂ ಬದಲಿಸಿದರು. ಆದರೂ ಸೋಫಾದಿಂದ ಕೋಣೆಗೆ ಮರಳಿಲ್ಲ. ಬಾಗಿಲಿನವರೆಗೆ ಬಂದು ನಿಂತು ಹೋಗುತ್ತಾರೆ. ಗಂಡನಾದವನು ಒಳಗೆ ಹೋಗಿ ಒಂದು ಮಾತು ಕೇಳಬಾರದೇ ಎಂದು ನನಗೆ ಅನ್ನಿಸಿತು. ಹೇಳಲಿಲ್ಲ.

ಮೇ 20, ಮಂಗಳವಾರ

ತೂಕ ಮತ್ತೆ ಇಳಿದಿದೆ, ಆದರೆ ಕಳೆದ ವಾರ ಇಳಿದದ್ದಕ್ಕಿಂತ ಕಡಿಮೆ. ಕರೀನ್ ಅದನ್ನು ಒಳ್ಳೆಯ ಸುದ್ದಿ ಎನ್ನುತ್ತಾರೆ. ನಾನು ಹಾಗೆ ಶೀರ್ಷಿಕೆ ಕೊಡುವುದಿಲ್ಲ.

ಮೇ 22, ಗುರುವಾರ

ಮೇಲಿನ ಮಹಡಿಯ ಮಾಲತಿ, ಉಡುಪಿ ಕಡೆಯವರು, ಡಬ್ಬಿಯಲ್ಲಿ ಚಿತ್ರಾನ್ನ ತಂದು ಬಾಗಿಲಲ್ಲೇ ಕೊಟ್ಟು, ಪಿಸುದನಿಯಲ್ಲಿ ಕ್ಷೇಮ ಕೇಳಿ ಹೋದರು. ಒಳಗೆ ತೆರೆಯುವಂತಿಲ್ಲ. ತಾರಿಕ್ ಮತ್ತು ನಾನು ಕೋಟು ಹಾಕಿಕೊಂಡು ಬಾಲ್ಕನಿಯಲ್ಲಿ ನಿಂತು ಒಂದೇ ಡಬ್ಬಿಯಿಂದ ತಿಂದೆವು. ಗಾಜಿನ ಬಾಗಿಲನ್ನು ಹೊರಗಿನಿಂದ ಎಳೆದು ಹಿಡಿದುಕೊಳ್ಳುವ ಸರದಿ ಒಬ್ಬರದ್ದು, ತಿನ್ನುವ ಸರದಿ ಇನ್ನೊಬ್ಬರದ್ದು. ಎದುರು ಮನೆಯ ಮುದುಕ ತನ್ನ ಬಾಲ್ಕನಿಯಿಂದ ನೋಡಿ ಕೈಯೆತ್ತಿದ. ನಾವೂ ಎತ್ತಿದೆವು. ಕಡಲೆಕಾಯಿ ಬೀಜಗಳನ್ನು ತಾರಿಕ್ ನನ್ನ ಕಡೆಗೆ ಸರಿಸುತ್ತಿದ್ದುದನ್ನು ಗಮನಿಸಿದೆ.

ಅವರ ಫೋನು ಕಟಾಂಜನದ ಮೇಲಿತ್ತು. ಬೆಳಗಿದಾಗ ಕಣ್ಣಿಗೆ ಬಿತ್ತು. ಮರಿಯಮ್‌ಗೆ ಕಳಿಸಿದ ಸಂದೇಶಗಳು. ಏನಾದರೂ ಬೇಕಾ. ಏನಾದರೂ ಬೇಕಾ. ನೀರು ಬೇಕಾ. ಒಂದರ ಕೆಳಗೊಂದು, ಎಲ್ಲ ಇವರದೇ. ಊಟದ ಮೇಜಿನಲ್ಲಿ ಫೋನು ನೋಡುವುದು ಆಫೀಸಿನ ಕೆಲಸಕ್ಕೆ ಎಂದು ಈ ತಿಂಗಳ ಒಂಬತ್ತರಂದು ತಿಳಿದುಕೊಂಡಿದ್ದೆ. ಅದು ಸರಿಯಲ್ಲ.

ಮೇ 24, ಶನಿವಾರ

ತಾರಿಕ್ ನನಗೆ ಒಂದು ವಿಷಯ ಹೇಳಿಕೊಟ್ಟ. ಸ್ಟಾಕ್‌ಹೋಮಿನಲ್ಲಿ ಕುಡಿಯುವ ನೀರನ್ನು ಕೊಳ್ಳಬಾರದು. ಯಾವ ಹೋಟೆಲಿನಲ್ಲಾದರೂ ನಲ್ಲಿ ನೀರು ಕೇಳಿದರೆ ಜಗ್ಗಿನಲ್ಲಿ ತಂದಿಡುತ್ತಾರೆ. ಅದು ಮೇಲಾರೆನ್ ಸರೋವರದ ನೀರು. ಎರಡು ವಾರದಿಂದ ನಾನು ಬಾಟಲಿ ಕೊಳ್ಳುತ್ತಿದ್ದುದನ್ನು ನೋಡಿಯೂ ಸುಮ್ಮನಿದ್ದನಂತೆ, ಮಾಮು ಏನಂದುಕೊಳ್ತಾರೋ ಎಂದು.

ಇಂದು ಹಳೆಯ ಊರಿನ ಗಲ್ಲಿಯೊಂದರಲ್ಲಿ ತರಕಾರಿ ಸೂಪು, ಅದರ ಜೊತೆ ಕಪ್ಪು ರೈ ಬ್ರೆಡ್ಡು, ಬೆಣ್ಣೆ. ಅವನು ತನ್ನ ಬ್ರೆಡ್ಡು ಮುಗಿಸಿ ನನ್ನದನ್ನು ನೋಡಿದ. ಅರ್ಧ ಕೊಟ್ಟೆ. ಅವನ ಕೆನ್ನೆಗಳು ಒಳಗೆ ಹೋಗಿವೆ. ಹೊರಗೆ ಬಂದರೆ ಮಾತ್ರ ತಿನ್ನುತ್ತಾನೆ.

ನನ್ನ ಬೆಲ್ಟನ್ನು ಒಂದು ತೂತು ಸಡಿಲಿಸಬೇಕಾಯಿತು. ನೀರು ಬದಲಾದದ್ದರಿಂದ ಇರಬಹುದು.

ಮೇ 26, ಸೋಮವಾರ

ನಾನು ಸುಳ್ಳು ವರದಿ ಕೊಟ್ಟೆ. ಸಿಕ್ಕಿಬಿದ್ದೆ.

ನಡೆದದ್ದು ಇಷ್ಟು. ನಿನ್ನೆ ಸಂಜೆ ಮರಿಯಮ್ ಕೊಟ್ಟ ಕೆಲಸ: ಯುರ್ಗೋರ್ಡನ್ ದ್ವೀಪದಲ್ಲಿ ಒಂದು ತೋಟ, ತೋಟದೊಳಗೆ ಗಾಜಿನ ಮನೆಯ ಕೆಫೆ. ಮದುವೆಯಾದ ಹೊಸತರಲ್ಲಿ ಇಬ್ಬರೂ ಅಲ್ಲಿಗೆ ಹೋಗುತ್ತಿದ್ದರು. ತಾರಿಕ್ ಅರ್ಧ ದಿನ ರಜೆ ಹಾಕಿ ಬಂದ. ನೀಲಿ ಮೆಟ್ರೋದ ಕೊನೆಯವರೆಗೆ ಹೋಗಿ, ಇಳಿದು, ಟ್ರಾಮಿಗೆ ನಡೆದೆವು. ಟ್ರಾಮ್ ಬಂತು. ಅವನು ಬೆಂಚಿನಿಂದ ಏಳಲಿಲ್ಲ. ಅದು ಹೋಯಿತು. ಇನ್ನೊಂದು ಬಂತು, ಹೋಯಿತು.

"ಏಳಪ್ಪಾ" ಎಂದೆ.

"ನಾಳೆ ತೂಕ, ಮಾಮು" ಎಂದ. ಆಮೇಲೆ, "ಅವಳಿಗೆ ನನ್ನ ಮೈ ವಾಸನೆನೇ ಆಗ್ತಿಲ್ಲ. ಶಾಂಪೂ ಅಲ್ಲ, ನಾನೇ ಆಗ್ತಿಲ್ಲ. ಮಗು ಆದ್ಮೇಲೂ ಹಿಂಗೇ ಇದ್ರೆ?"

ದೊಡ್ಡ ಟೆಲಿಕಾಂ ಕಂಪನಿಯಲ್ಲಿ ಒಂದು ತಂಡ ನೋಡಿಕೊಳ್ಳುವ ಮನುಷ್ಯ ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ. ಜನ ಅತ್ತಾಗ ನಾನು ಇಷ್ಟು ವರ್ಷ ಮಾಡಿದ್ದು ಪಕ್ಕದಲ್ಲಿ ನಿಂತು ಬರೆದುಕೊಳ್ಳುವುದು. ಇಂದು ಬರೆದುಕೊಳ್ಳಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟು ಕುಳಿತೆ. ಕಿಯೋಸ್ಕಿನಿಂದ ಬಾಳೆಹಣ್ಣು ತಂದೆ, ಇಬ್ಬರೂ ತಿಂದೆವು. ಅದೇ ಇಂದಿನ ಊಟ. ಕೆಫೆಗೆ ಹೋಗಲಿಲ್ಲ.

ಮರಿಯಮ್‌ಗೆ ಇದನ್ನು ಹೇಗೆ ಹೇಳುವುದು? ಹೇಳಬೇಡಿ ಎಂದು ಅವನು ಕೇಳಿಕೊಂಡ. ವಾಪಸು ಬರುವಾಗ ಅವನ ಫೋನಿನಲ್ಲಿ ಆ ಕೆಫೆಯ ಚಿತ್ರಗಳನ್ನು ನೋಡಿಕೊಂಡೆ. ಸಂಜೆ ಸ್ಟೂಲಿನ ಮೇಲೆ ಕುಳಿತು ಓದಿದೆ: ಸೇಬಿನ ಮರಗಳು ಹೂಬಿಟ್ಟಿವೆ. ಗಾಜಿನ ಮನೆ ಬೆಚ್ಚಗಿದೆ. ವಯಸ್ಸಾದ ಪರಿಚಾರಕನೊಬ್ಬ ರಬಾರ್ಬರ್ ಎಂಬ ಹುಳಿ ದಂಟಿನ ಪೈ ತಂದಿಟ್ಟ. ಒಳಗಿನ ಹೂರಣ ಕಡು ಕೆಂಪು. ಮೇಲೆ ವೆನಿಲಾ ಸುರಿದಿದ್ದರು.

ಅವಳು ಒಮ್ಮೆಯೂ ತಡೆಯಲಿಲ್ಲ. ಲೀಡ್ ಎಲ್ಲಿ ಎಂದೂ ಕೇಳಲಿಲ್ಲ. ಮುಗಿಸಿದ ಮೇಲೆ ಕತ್ತಲಿನಿಂದ ಧ್ವನಿ ಬಂತು.

"ತುಂಬಾ ಚೆನ್ನಾಗಿ ಬರ್ದಿದ್ದೀರ, ಅಬ್ಬಾ. ಸೋಮವಾರ ಅಲ್ಲಿ ಬಾಗಿಲು ಹಾಕಿರುತ್ತೆ."

ನಾವು ಹೊರಟ ಮೇಲೆ ಅವಳಿಗೆ ಅದು ನೆನಪಾಗಿತ್ತು. ಮುಚ್ಚಿದೆ ಎಂದು ನಾವು ಫೋನು ಮಾಡುತ್ತೇವೆಂದು ಮಧ್ಯಾಹ್ನವೆಲ್ಲ ಕಾದಿದ್ದಳು. ನಮ್ಮ ವೃತ್ತಿಯಲ್ಲಿ, ಮಳೆಯಿಂದ ರದ್ದಾದ ಸಭೆಯ ಭಾಷಣ ಮರುದಿನ ಪತ್ರಿಕೆಯಲ್ಲಿ ಪೂರ್ತಿ ಅಚ್ಚಾಗಿ ಬಂದ ಕಥೆಗಳಿವೆ. ಅವುಗಳನ್ನು ಅವಳಿಗೆ ಹೇಳಿ ನಗಿಸಿದವನೂ ನಾನೇ.

"ನೀವು ಹೋಗದೆ ಬರೆಯೋರಲ್ಲ. ಏನಾಯ್ತು ಹೇಳಿ."

ಹೇಳಿದೆ. ಬೆಂಚು, ಟ್ರಾಮು, ಬಾಳೆಹಣ್ಣು, ಅವನು ಅಂದ ಮಾತು. ಹೇಳಬೇಡಿ ಎಂದದ್ದನ್ನೂ ಹೇಳಿದೆ. ಆಮೇಲೆ ಅವನನ್ನು ಕರೆದಳು. ತಾರಿಕ್ ಬಂದು ಎಂದಿನಂತೆ ಬಾಗಿಲಲ್ಲಿ ನಿಂತ. ನನಗೂ ಕೇಳಲೆಂದೋ ಏನೋ, ಕನ್ನಡದಲ್ಲೇ ಹೇಳಿದಳು.

"ಶಾಂಪೂ ಬದಲಾಯಿಸು ಅಂದೆ. ಗಂಡನ್ನ ಬದಲಾಯಿಸ್ತೀನಿ ಅಂದೆನಾ? ಒಳಗೆ ಬಾ. ಮೂಗು ಮುಚ್ಕೋತೀನಿ."

ನಾನು ಎದ್ದು ಬಾಲ್ಕನಿಗೆ ಹೋದೆ. ಹೋಗುವಾಗ ಹಿಂದಿನಿಂದ ಇನ್ನೊಂದು ಮಾತು ಕೇಳಿಸಿತು. "ಅಬ್ಬಾ, ನಾಳೆ ತಿದ್ದುಪಡಿ ಬರಬೇಕು. ಅದೇ ಜಾಗದಲ್ಲಿ."

ಒಂಬತ್ತು ಗಂಟೆಗೂ ಇಲ್ಲಿ ಬೆಳಕಿದೆ. ಎದುರು ಮನೆಯ ಮುದುಕ ಕೈಯೆತ್ತಿದ.

ಮೇ 27, ಮಂಗಳವಾರ

ಮರಿಯಮ್ ಇಂದು ಸಂಜೆ ನಾಲ್ಕು ಬೆರಳುದ್ದದ ಒಂದು ದಂಟು ತಿಂದಳು. ಬರೆಯುವ ಈ ಹೊತ್ತಿನವರೆಗೆ ವಾಂತಿಯಾಗಿಲ್ಲ. ಇದಕ್ಕೆ ಮೂರು ಸಾಕ್ಷಿ: ಅವಳು, ತಾರಿಕ್, ನಾನು.

ಬೆಳಿಗ್ಗೆಯ ಸುದ್ದಿ ಹೀಗಿರಲಿಲ್ಲ. ತೂಕ ಮತ್ತೆ ಇಳಿದಿತ್ತು. ಶುಕ್ರವಾರಕ್ಕೆ ಹಾಸಿಗೆ ಕಾದಿರಿಸಿದ್ದಾರೆ, ಅಷ್ಟರೊಳಗೆ ಸುಧಾರಿಸದಿದ್ದರೆ ದಾಖಲು, ನಳಿಕೆ. ಕರೀನ್ ಹೇಳುವಾಗ ಮರಿಯಮ್ ಗೋಡೆ ನೋಡುತ್ತಿದ್ದಳು. ತಾರಿಕ್ ಅವಳ ಕೈ ಹಿಡಿದಿದ್ದ. ಅವಳು ಬಿಡಿಸಿಕೊಳ್ಳಲಿಲ್ಲ, ಇನ್ನೊಂದು ಕೈಯಲ್ಲಿ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡಿದ್ದಳು.

ಮನೆಗೆ ಬಂದ ಮೇಲೆ ಇಂದು ಹೋಗುವುದು ಬೇಡ ಎಂದೆ. ಅವಳು ಒಪ್ಪಲಿಲ್ಲ. ತಿದ್ದುಪಡಿ ಒಂದು ದಿನ ತಡವಾದರೆ ಅದಕ್ಕೆ ಬೆಲೆಯಿಲ್ಲ ಎಂದು ನಾನೇ ಕಲಿಸಿದ್ದೆನಂತೆ. ಮಾಲತಿ ಅವರು ಅವಳ ಬಳಿ ಕೂರುತ್ತೇನೆಂದರು. ಹೋದೆವು.

ಕೆಫೆ ತೆರೆದಿತ್ತು. ಪೈ ತಿಂದೆವು. ತೋಟದಲ್ಲಿ ಕೆಲಸ ಮಾಡುತ್ತಿದ್ದ ಗುನಿಲ್ಲಾ ಎಂಬ ಹೆಂಗಸಿಗೆ, ಈ ರಬಾರ್ಬರ್ ಎಂದರೆ ಯಾವ ಗಿಡ, ತೋರಿಸಿ ಎಂದೆ. ಹಸಿಯಾಗಿ ಹೇಗಿರುತ್ತದೆ ಎಂದೂ ಕೇಳಿದೆ. ನಿನ್ನೆ ನೋಡದೆ ಬರೆದಿದ್ದೆ, ಇಂದು ಎಲ್ಲವನ್ನೂ ಮುಟ್ಟಿ ನೋಡಿಯೇ ಬರೆಯುವ ಹಟ. ನೋಡಲು ಕೆಸುವಿನ ಗಿಡದ ಹಾಗೆ, ದೊಡ್ಡ ಎಲೆ, ದಪ್ಪ ದಂಟು. ಆಕೆ ಒಂದನ್ನು ಕಿತ್ತು, ಎಲೆ ಮುರಿದು ಎಸೆದು, ಎಲೆ ವಿಷ, ಅದನ್ನು ಯಾವತ್ತೂ ತಿನ್ನಬಾರದು ಎಂದು ಎರಡು ಸಲ ಹೇಳಿ, ದಂಟನ್ನು ಕೈಗೆ ಕೊಟ್ಟಳು. ಇಲ್ಲಿಯ ಮಕ್ಕಳು ಇದನ್ನು ಸಕ್ಕರೆಯಲ್ಲಿ ಅದ್ದಿ ಹಸಿಯಾಗಿ ಕಚ್ಚುತ್ತಾರಂತೆ.

ಕಚ್ಚಿದೆ. ಎರಡೂ ಕಣ್ಣು ಮುಚ್ಚಿಹೋದವು. ಎಳೆ ಹುಣಸೆಕಾಯಿಯ ಹುಳಿ. ಮರಿಯಮ್ ಹೊಟ್ಟೆಯಲ್ಲಿದ್ದಾಗ ಫಕ್ರುನ್ನೀಸಾ ಕೇಳಿದ್ದು ಅದನ್ನೇ. ದಾವಣಗೆರೆಯ ಪಿ.ಬಿ. ರಸ್ತೆಯ ಮರದಿಂದ ಹುಡುಗರ ಕೈಲಿ ಕೀಳಿಸಿ ತಂದಿದ್ದೆ, ಉಪ್ಪು ಖಾರ ಹಚ್ಚಿಕೊಂಡು ತಿಂದಿದ್ದಳು. ಮೂಸಿ ನೋಡಿದೆ. ದಂಟಿಗೆ ವಾಸನೆ ಎಂಬುದೇ ಇಲ್ಲ. ತಾರಿಕ್‌ಗೆ ಕೊಟ್ಟೆ. ಅವನೂ ಮೂಸಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಲ್ಲಿಂದಲೇ ಕರೀನ್‌ಗೆ ಫೋನು ಮಾಡಿಸಿದೆ. ತೊಳೆದು, ಸಿಪ್ಪೆ ಎಳೆದು, ಸ್ವಲ್ಪ ಕೊಡಬಹುದು, ಎಲೆ ಬೇಡ ಎಂದರು. ಎರಡು ಮೂಲಗಳಿಂದ ಖಚಿತವಾಯಿತು.

ಸಂಜೆ ಸ್ನಾನ ಮಾಡಿ ಸ್ಟೂಲಿನ ಮೇಲೆ ಕುಳಿತು ತಿದ್ದುಪಡಿ ಓದಿದೆ. ನಿನ್ನೆಯ ವರದಿಯಲ್ಲಿ ಕೆಫೆ ತೆರೆದಿತ್ತು ಎಂದು ಪ್ರಕಟವಾಗಿದೆ. ಸೋಮವಾರ ಅದಕ್ಕೆ ರಜೆ. ಸೇಬಿನ ಹೂವು ಉದುರಿ ಹೋಗಿದೆ. ವಯಸ್ಸಾದ ಪರಿಚಾರಕ ಎಂಬುವರು ಯಾರೂ ಇಲ್ಲ, ತಟ್ಟೆಯನ್ನು ನಾವೇ ತರಬೇಕು, ನಾವೇ ಇಡಬೇಕು. ಪೈಯ ಹೂರಣ ಕಡು ಕೆಂಪಲ್ಲ, ಹಸಿರು ಮಿಶ್ರಿತ ತಿಳಿ ಗುಲಾಬಿ. ತಪ್ಪಿಗಾಗಿ ವಿಷಾದಿಸುತ್ತೇವೆ.

ಆಮೇಲೆ ಹಸಿ ದಂಟಿನ ವಿಷಯ ಓದಿದೆ. ಹುಣಸೆಕಾಯಿಯನ್ನು ಬರೆದಿರಲಿಲ್ಲ, ಆದರೂ ಬಾಯಲ್ಲಿ ಬಂತು.

ಒಳಗೆ ಹಾಸಿಗೆಯ ಸದ್ದಾಯಿತು. ಎದ್ದು ಕುಳಿತಿದ್ದಳು.

"ವಾಸನೆ?"

"ಇಲ್ಲಮ್ಮಾ."

"ತಂದಿದ್ದೀರಾ?"

"ತಂದಿದ್ದೇವೆ."

"ಸಕ್ಕರೆ ಬೇಡ. ಉಪ್ಪು ಖಾರ ಹಚ್ಚಿ ಕೊಡಿ."

ಇಪ್ಪತ್ತು ದಿನದಲ್ಲಿ ಅವಳು ಏನನ್ನಾದರೂ ಕೇಳಿದ್ದು ಇದೇ ಮೊದಲು. ತಾರಿಕ್ ಅಡುಗೆಮನೆಗೆ ಹೋಗಿ ತುಂಡು ಮಾಡಿ, ಹಚ್ಚಿ, ಬಟ್ಟಲಲ್ಲಿ ತಂದ. ಖಾರ ಹೆಚ್ಚಾಗಿತ್ತು. ಒಳಗೆ ಹೋಗಿ ಅವನೇ ಕೊಟ್ಟ. ಹಲ್ಲಿನಲ್ಲಿ ಮುರಿಯುವ ಸದ್ದು ಓಡಾಟದ ಜಾಗದವರೆಗೂ ಕೇಳಿಸಿತು.

ಮೂವರೂ ಕಾದೆವು. ಅಜಾನ್ ಆ್ಯಪ್ ಕೂಗಿದಾಗ ನಾನು ಎದ್ದು ನಮಾಜು ಮಾಡಿ ಬಂದೆ. ಅಷ್ಟು ಹೊತ್ತಿಗೂ ಏನೂ ಆಗಿರಲಿಲ್ಲ. ಮಜ್ಜಿಗೆ ಥರ ಏನಾದರೂ ಇದೆಯಾ ಎಂದು ಕೇಳಿದಳು.

ಮೇ 28, ಬುಧವಾರ

ಇಲ್ಲಿ ಫೀಲ್ ಎಂಬ ಗಟ್ಟಿ ಹುಳಿ ಹಾಲು ಸಿಗುತ್ತದೆ. ನೀರು, ಉಪ್ಪು ಬೆರೆಸಿದರೆ ಮಜ್ಜಿಗೆಯೇ. ತಣ್ಣಗೆ ಮೂರು ಲೋಟ. ಒಂದು ಸಲ ವಾಂತಿ. ದಂಟು ಹೊಟ್ಟೆಯಲ್ಲಿ ನಿಂತಿದೆ. ಅಂಗಡಿಯಲ್ಲಿದ್ದ ರಬಾರ್ಬರ್ ಕಟ್ಟುಗಳನ್ನು ತಾರಿಕ್ ಒಂದೂ ಬಿಡದೆ ತಂದಿದ್ದಾನೆ. ಇಷ್ಟು ಬೇಡ, ಕರೀನ್ ಸ್ವಲ್ಪ ಎಂದಿದ್ದಾರೆ ಎಂದು ಬೈದೆ. ಉಳಿದದ್ದನ್ನು ಮಾಲತಿ ಅವರಿಗೆ ಕೊಟ್ಟೆವು. ಗೊಜ್ಜು ಮಾಡುತ್ತಾರಂತೆ.

ಮೇ 30, ಶುಕ್ರವಾರ

ತೂಕ ಇಳಿದಿಲ್ಲ. ಇನ್ನೂರು ಗ್ರಾಂ ಏರಿದೆ. ತಿಳಿಸಿದವರು ಕರೀನ್, ಕಾದಿರಿಸಿದ್ದ ಹಾಸಿಗೆಯನ್ನು ನಮ್ಮೆದುರೇ ಫೋನು ಮಾಡಿ ರದ್ದು ಮಾಡಿದವರೂ ಅವರೇ. ಗುಣವಾಯಿತು ಎಂದು ತಿಳಿಯಬೇಡಿ, ಮತ್ತೆ ಇಳಿಯಲೂಬಹುದು ಎಂದು ಹೇಳಿದ್ದನ್ನೂ ಇಲ್ಲಿ ದಾಖಲಿಸಬೇಕು. ಮರಿಯಮ್ ಅದನ್ನು ಕೇಳಿಸಿಕೊಳ್ಳಲಿಲ್ಲ. ಲಿಫ್ಟಿನಲ್ಲಿ ತಾರಿಕ್‌ನ ಭುಜಕ್ಕೆ ತಲೆಯಿಟ್ಟಳು, ಕರವಸ್ತ್ರ ಜೇಬಿನಲ್ಲೇ ಇತ್ತು.

ನನ್ನ ವಾಪಸು ಟಿಕೆಟ್ಟು ಜೂನ್ ನಾಲ್ಕಕ್ಕಿತ್ತು. ತಾರಿಕ್ ಅದನ್ನು ಜುಲೈ ಕೊನೆಗೆ ಬದಲಿಸಿದ್ದಾನೆ ಎಂದು ಮರಿಯಮ್ ಮೂಲಕ ತಿಳಿದುಬಂತು. ನನ್ನನ್ನು ಯಾರೂ ಕೇಳಲಿಲ್ಲ. ಆಕ್ಷೇಪಣೆ ಇಲ್ಲ.

ಜೂನ್ 1, ಭಾನುವಾರ

ಇಂದು ಮೂವರೂ ತೋಟದ ಕೆಫೆಗೆ ಹೋಗಿಬಂದೆವು. ತೆರೆದ ಬಯಲಿನಲ್ಲಿ ಗಾಳಿ ಇರುತ್ತದೆ, ವಾಸನೆ ನಿಲ್ಲುವುದಿಲ್ಲ, ಹೋಗೋಣ ಎಂದು ಹೇಳಿದವಳು ಮರಿಯಮ್. ಮೆಟ್ರೋದಲ್ಲಿ ಎರಡು ಸಲ ಇಳಿದು, ಕುಳಿತು, ಮುಂದಿನದನ್ನು ಹತ್ತಿದೆವು. ಟ್ರಾಮ್ ನಿಲ್ದಾಣದ ಆ ಬೆಂಚನ್ನು ಅವಳಿಗೆ ತೋರಿಸಿದೆ. ಇದೇನಾ ಎಂದಳು. ಅದರ ಮೇಲೆ ಕುಳಿತಳು, ತಾರಿಕ್‌ನನ್ನೂ ಪಕ್ಕದಲ್ಲಿ ಕೂರಿಸಿದಳು. ಟ್ರಾಮೊಂದು ಬಂದು ಹೋಯಿತು.

ತೋಟದಲ್ಲಿ ಮರದ ಕೆಳಗಿನ ಮೇಜು. ಅವಳು ಫ್ಲೇಡರ್ ಎಂಬ ಹೂವಿನ ತಣ್ಣನೆಯ ಶರಬತ್ತು ಕುಡಿದಳು, ಮುಕ್ಕಾಲು ಲೋಟ. ಕೈಚೀಲದಿಂದ ಉಪ್ಪು ಖಾರದ ಪೊಟ್ಟಣ ತೆಗೆದಳು. ಗುನಿಲ್ಲಾ ದಂಟು ಕಿತ್ತುಕೊಟ್ಟು, ಮೆಣಸಿನ ಪುಡಿ ಹಚ್ಚಿ ತಿನ್ನುವುದನ್ನು ನಿಂತು ನೋಡಿ, ತಾನೂ ಒಂದು ತುಂಡು ತಿಂದು ಕೆಮ್ಮಿದಳು. ಬುಟ್ಟಿ ಇಟ್ಟುಬಂದು ಇನ್ನೊಂದು ಕೇಳಿದಳು.

ಮರಿಯಮ್ ಸುತ್ತಲೂ ನೋಡಿ, "ಅಬ್ಬಾ, ಗಾಜಿನ ಮನೆ ಒಂದಲ್ಲ, ತುಂಬಾ ಇವೆ. ನಿಮ್ಮ ತಿದ್ದುಪಡಿಗೂ ಒಂದು ತಿದ್ದುಪಡಿ ಬೇಕು" ಎಂದಳು. ಎದ್ದು ಎಣಿಸಿ ಬಂದೆ. ಅವಳು ಹೇಳಿದ್ದು ಸರಿ.

ಇಂದಿನ ವರದಿ ನಾನೇ ಬರೆಯುತ್ತೇನೆ, ನೀವು ಡೆಸ್ಕಿನಲ್ಲಿ ಕೂರಿ ಎಂದು ಅವಳು ಫೋನಿನಲ್ಲಿ ಬೆರಳಾಡಿಸತೊಡಗಿದಳು. ಕೆನ್ನೆಗೆ ಬಿಸಿಲು ಬಿದ್ದಿತ್ತು. ಫಕ್ರುನ್ನೀಸಾಗೂ ಬರೆಯುವಾಗ ಹೀಗೇ ನಾಲಿಗೆಯ ತುದಿ ಹೊರಗೆ ಬರುತ್ತಿತ್ತು.

ಶುಕ್ರವಾರ ಬಕ್ರೀದ್. ಅದೇ ದಿನ ಇಲ್ಲಿಯ ರಾಷ್ಟ್ರೀಯ ದಿನವೂ ಇದೆ, ಹಾಗಾಗಿ ತಾರಿಕ್‌ಗೆ ರಜೆ. ಅಡುಗೆ ಹೊರಗೆ, ಮಾಲತಿ ಅವರ ಮನೆಯಲ್ಲಿ.

ನನ್ನ ಕಪ್ಪು ಖಾಲಿಯಾಗಿತ್ತು. ತಾರಿಕ್ ಕೇಳದೆಯೇ ಎದ್ದು ಹೋಗಿ ತುಂಬಿಸಿ ತಂದು ಮುಂದಿಟ್ಟ.

"ತಗೊಳ್ಳಿ ಅಬ್ಬಾ. ಎರಡನೇದಕ್ಕೆ ದುಡ್ಡಿಲ್ಲ, ಕೈ ಹಿಡೀಬೇಡಿ."

ಕುಡಿದೆ. ತಟ್ಟೆ, ಲೋಟ, ಕಪ್ಪುಗಳನ್ನು ನಾನೇ ಒಯ್ದು ಇಟ್ಟುಬಂದೆ.

ಮಂಗಳವಾರ, ಜೂನ್ 3, ಬೆಳಿಗ್ಗೆ ಒಂಬತ್ತೂವರೆಗೆ ತೂಕ. ಮೂವರೂ ಹೋಗುತ್ತೇವೆ.